ಪೆಟ್ಟು ಯಾರದು?

‘ಇದು ನಾನು ಮಾಡಿದ್ದು’ ಎಂಬ ಮಾತು ಎಷ್ಟು ಸಲೀಸಾಗಿ ನಮ್ಮ ಬಾಯಿಂದ ಹೊರಡುತ್ತದೆ! ಗಾರೆಯನ್ನು ಒಂದು ದಿನವೂ ಮುಟ್ಟದವನು ‘ನಾನು ಕಟ್ಟಿದ ಮನೆ’ ಎನ್ನುತ್ತಾನೆ, ನಾವಾರೂ ಆಕ್ಷೇಪಿಸುವುದಿಲ್ಲ. ಅಂಗಡಿಯಿಂದ ಹುಳಿಪುಡಿ ತಂದು ಹುಳಿ ಮಾಡಿದ ಗೃಹಿಣಿ ‘ನನ್ನ ಕೈಯ ಹುಳಿ’ ಎಂದರೆ ಅದೂ ಸರಿಯೇ. ಆದರೆ ಹುಳಿಯನ್ನೇ ಹೋಟೆಲಿನಿಂದ ತರಿಸಿ, ಬಿಸಿಮಾಡಿ ಬಡಿಸಿ, ಹಾಗೆಂದರೆ? ಉಣ್ಣುವವನ ಹುಬ್ಬು ಮೇಲೇರುತ್ತದೆ. ಪುಡಿಗೂ ಹುಳಿಗೂ ನಡುವೆ ಎಲ್ಲೋ ಒಂದು ಗಡಿ ಇರಬೇಕು. ಆ ಗಡಿಯನ್ನು ಹುಡುಕುತ್ತ ಈಚೆಗೆ ನಾನು ಕೆಲವು ವಾರ ಕಳೆದದ್ದು ಅಡಿಗೆಮನೆಯಲ್ಲಲ್ಲ, ಕಂಪ್ಯೂಟರಿನ ಮುಂದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅದಕ್ಕಿಂತ ಹೆಚ್ಚಾಗಿ ‘ಬೀಟ್’ ಮಾಡುತ್ತಾನೆ. ಬೀಟ್ ಎಂದರೆ ಏನೆಂದು ತಿಳಿಯದ ಓದುಗರಿಗಾಗಿ ಒಂದು ಮಾತು: ಈ ಕಾಲದ ಹಾಡಿನಲ್ಲಿ ಗಾಯಕನ ಮಾತಿನ ಕೆಳಗೆ ಓಡುವ ತಾಳವಾದ್ಯಗಳ ಹಂದರ ಅದು. ರ‍್ಯಾಪ್ ಎಂಬ ಪ್ರಕಾರದಲ್ಲಂತೂ ಹಂದರವೇ ಮನೆ. ಅದನ್ನು ಮಾಡಲು ಡ್ರಮ್ ಬೇಡ, ಬಾರಿಸುವವನೂ ಬೇಡ. ಒಂದು ತಂತ್ರಾಂಶ ಸಾಕು. ಹುಡುಗ ಮೂರು ತಂತ್ರಾಂಶಗಳನ್ನು ಪರೀಕ್ಷೆಗೆಂದು ತಂದಿಟ್ಟುಕೊಂಡು ಯಾವುದನ್ನು ಕೊಳ್ಳುವುದೆಂದು ತಿಳಿಯದೆ ಕುಳಿತಿದ್ದ. ‘ಮಾವ, ನೀವು ಮೃದಂಗ ಕಲಿತವರಲ್ಲವೆ, ಮೂರನ್ನೂ ನೋಡಿ ಯಾವುದು ವಾಸಿ ಹೇಳಿ’ ಎಂದ. ನಾಲ್ಕು ವರ್ಷದ ಮೃದಂಗದ ಪಾಠ ಇಂಥ ತೀರ್ಪಿಗೆ ಅರ್ಹತೆಯೋ ಅಲ್ಲವೋ ನಾನು ಹೇಳಲಾರೆ. ಕುತೂಹಲ ಮಾತ್ರ ಇತ್ತು, ಒಪ್ಪಿಕೊಂಡೆ.

ಮೊದಲನೆಯದು ಎಫ್‌ಎಲ್ ಸ್ಟುಡಿಯೊ. ಬೆಲ್ಜಿಯಂ ದೇಶದ ಇಮೇಜ್-ಲೈನ್ ಸಂಸ್ಥೆಯದು. ಡಿಡಿಯೆ ಡಾಂಬ್ರಿನ್ ಎಂಬಾತ 1997ರ ಕೊನೆಯ ಹೊತ್ತಿಗೆ ಅದನ್ನು ರಚಿಸಿದಾಗ ಅದರ ಹೆಸರು ಫ್ರೂಟಿಲೂಪ್ಸ್. ಮಕ್ಕಳ ತಿಂಡಿಯ ಡಬ್ಬಿಯನ್ನು ನೆನಪಿಗೆ ತರುವ ಆ ಹೆಸರು 2003ರಲ್ಲಿ ಬದಲಾಯಿತು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ ಎಂಬುದು ಅದರ ವಾಗ್ದಾನ. ಈ ಕಾಲದಲ್ಲಿ ಇದು ಅಪರೂಪದ ಔದಾರ್ಯವೇ ಸರಿ. ತೆರೆದರೆ ಕಾಣುವುದು ಸಾಲು ಸಾಲು ಮನೆಗಳು. ಒಂದು ವಾದ್ಯಕ್ಕೆ ಒಂದು ಸಾಲು. ಸಾಲಿಗೆ ಹದಿನಾರು ಮನೆ. ನಾಲ್ಕು ನಾಲ್ಕು ಮನೆಗೆ ಬೇರೆ ಬಣ್ಣ. ಚೌಕಾಬಾರ ಆಡಿದವರಿಗೆ ಇದು ಹೊಸತೆನ್ನಿಸದು. ಮನೆಯನ್ನು ಒತ್ತಿದರೆ ಅಲ್ಲಿ ದೀಪ ಹತ್ತುತ್ತದೆ, ಆ ಕ್ಷಣಕ್ಕೆ ಪೆಟ್ಟು ಬೀಳುತ್ತದೆ. ಐದು ನಿಮಿಷದಲ್ಲಿ ಏನೂ ಅರಿಯದವನ ಕೈಯಿಂದಲೂ ಕಾಲು ಕುಣಿಸುವಂಥ ಏನೋ ಒಂದು ಹುಟ್ಟುತ್ತದೆ. ಇದನ್ನು ಹೀಗಳೆಯುವ ಮನಸ್ಸು ನನಗಿಲ್ಲ. 2007ರಲ್ಲಿ ಸೋಲ್ಜಾ ಬಾಯ್ ಎಂಬ ಹದಿನೇಳು ವರ್ಷದ ಹುಡುಗ ಇದೇ ತಂತ್ರಾಂಶದಲ್ಲಿ ಮಾಡಿದ ‘ಕ್ರ್ಯಾಂಕ್ ದಟ್’ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೆ ಏರಿತು. ಧ್ವನಿಮುದ್ರಣಾಲಯದ ಬಾಗಿಲಲ್ಲಿ ಕಾಯಬೇಕಾಗಿದ್ದ ಎಷ್ಟೋ ಮಂದಿ ಬಡ ಹುಡುಗರಿಗೆ ಈ ಹದಿನಾರು ಮನೆಗಳು ಬಾಗಿಲನ್ನೇ ತೆಗೆದುಕೊಟ್ಟವು.

ಎರಡನೆಯದು ಏಬಲ್ಟನ್ ಲೈವ್. 2001ರಲ್ಲಿ ಬರ್ಲಿನ್ನಿನಿಂದ ಬಂದದ್ದು. ಹುಟ್ಟಿಸಿದವರಲ್ಲಿ ಗೆರ್ಹಾರ್ಡ್ ಬೇಲೆಸ್, ರಾಬರ್ಟ್ ಹೆಂಕೆ ತಾವೇ ವೇದಿಕೆಯ ಮೇಲೆ ನುಡಿಸುತ್ತಿದ್ದವರು. ಅದರ ಗುರುತು ತಂತ್ರಾಂಶದ ಮೇಲೆ ನಿಚ್ಚಳವಾಗಿದೆ. ಇಲ್ಲಿ ಸಂಗೀತ ಆದಿಯಿಂದ ಅಂತ್ಯಕ್ಕೆ ನಡೆಯುವ ದಾರಿಯಲ್ಲ, ಸುತ್ತುವ ತುಣುಕುಗಳ ಗುಂಪು. ತುಣುಕನ್ನು ಒತ್ತಿದರೆ ಅದು ಸುತ್ತತೊಡಗುತ್ತದೆ. ಇನ್ನೊಂದನ್ನು ಒತ್ತುವ ತನಕ ಸುತ್ತುತ್ತಲೇ ಇರುತ್ತದೆ. ನನ್ನನ್ನು ಬೆರಗುಗೊಳಿಸಿದ್ದು ಒಂದು ಸಣ್ಣ ಸೌಜನ್ಯ. ನೀವು ಆವರ್ತದ ನಟ್ಟನಡುವೆ, ಹೊತ್ತಲ್ಲದ ಹೊತ್ತಿನಲ್ಲಿ ಒತ್ತಿದಿರೆನ್ನಿ; ಅದು ಕೂಡಲೆ ಶುರುವಾಗುವುದಿಲ್ಲ, ಮುಂದಿನ ಆವರ್ತದ ಸಮಕ್ಕೆ ಕಾದು ಅಲ್ಲಿಂದ ಹೊರಡುತ್ತದೆ. ಬೇಡವೆಂದರೆ ಈ ಏರ್ಪಾಡನ್ನು ತೆಗೆಯಬಹುದು. ಆದರೆ ಮೊದಲಿಗೆ ಇರುವುದು ಅದೇ. ಕೈ ತಪ್ಪಿತು, ಕಿವಿಗೆ ತಪ್ಪು ತಲಪಲೇ ಇಲ್ಲ.

ಮೂರನೆಯದಾದ ಲಾಜಿಕ್‌ನ ಮೂಲವೂ ಜರ್ಮನಿ. ಇಮ್ಯಾಜಿಕ್ ಎಂಬ ಸಂಸ್ಥೆಯನ್ನು 2002ರಲ್ಲಿ ಆಪಲ್ ಕೊಂಡುಕೊಂಡಿತು. ಅಂದಿನಿಂದ ಆಪಲ್ ಯಂತ್ರಗಳಿಗೆ ಮಾತ್ರ ಮೀಸಲು. ಇದು ಹಳೆಯ ಟೇಪಿನಂತೆ ಎಡದಿಂದ ಬಲಕ್ಕೆ ಹರಿಯುವಂಥದು, ನನ್ನಂಥ ವಯಸ್ಸಾದವರಿಗೆ ಹೊಂದುವಂಥದು. ಆದರೆ ಇದರಲ್ಲಿ 2013ರಿಂದ ಒಬ್ಬ ಡ್ರಮ್ ವಾದಕ ವಾಸವಾಗಿದ್ದಾನೆ. ಒಬ್ಬನೇನು, ಹಲವರು, ಒಬ್ಬೊಬ್ಬನಿಗೆ ಒಂದೊಂದು ಹೆಸರು, ಸ್ವಭಾವದ ಒಂದು ಪರಿಚಯ. ನಮಗೆ ಮೊದಲು ಸಿಕ್ಕವನ ಹೆಸರು ಕೈಲ್. ಒಂದು ಹಳದಿ ಬಿಂದುವನ್ನು ಎಳೆದು ‘ಜೋರು, ಮೆಲ್ಲಗೆ, ಸರಳ, ಜಟಿಲ’ ಎಂದು ಸೂಚಿಸಿದರೆ ಕೈಲ್ ಅದರಂತೆ ನುಡಿಸುತ್ತಾನೆ. ಬೇರೊಂದು ವಾದ್ಯವನ್ನು ಅನುಸರಿಸೆಂದರೆ ಅದನ್ನೂ ಮಾಡುತ್ತಾನೆ. ಅವನ ಹಿಂದೆ ನಿಜವಾದ ವೃತ್ತಿವಾದಕರ ಕೈಗಳಿವೆಯೆಂದು ಆಪಲ್ ಸಂಸ್ಥೆಯೇ ಹೇಳಿದೆ. ಆದರೆ ಪರದೆಯ ಮೇಲಿನ ಹೆಸರು ಆ ಕೈಗಳದ್ದಲ್ಲ. 2024ರಲ್ಲಿ ಅವನಿಗೆ ಜೊತೆಯಾಗಿ ಹೀಗೆಯೇ ಹೇಳಿದಂತೆ ಕೇಳುವ ಬಾಸ್ ವಾದಕರೂ ಕೀಬೋರ್ಡ್ ವಾದಕರೂ ಬಂದು ಸೇರಿದ್ದಾರೆ.

ಧ್ವನಿಯ ಗುಣದಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ನನ್ನ ಕಿವಿ ಕಾಣಲಿಲ್ಲ. ಬೆಲೆಯ ಮಾತು ಅಂಗಡಿಯವರಿಗೆ ಸೇರಿದ್ದು. ಹಾಗಾದರೆ ‘ಯಾವುದು ವಾಸಿ’ ಎಂಬ ಪ್ರಶ್ನೆಗೆ ಅರ್ಥವೇನು? ನೋಡುತ್ತ ನೋಡುತ್ತ ನನಗೆ ತೋರಿದ್ದು ಇಷ್ಟು: ಮೂರೂ ಒಂದೊಂದು ಬಗೆಯ ತೀರ್ಮಾನಗಳನ್ನು ನಮ್ಮ ಪರವಾಗಿ ಮೊದಲೇ ಮಾಡಿಟ್ಟಿವೆ. ಆರಿಸುವವನು ನಿಜವಾಗಿ ಆರಿಸುತ್ತಿರುವುದು ಯಾವ ತೀರ್ಮಾನಗಳನ್ನು ತಾನು ಕಾಣದೆಯೇ ಒಪ್ಪಲು ಸಿದ್ಧನಿದ್ದೇನೆ ಎಂಬುದನ್ನು.

ಒಂದು ಉದಾಹರಣೆ ಕೊಡುತ್ತೇನೆ. ಮೂರರಲ್ಲಿ ಯಾವುದನ್ನು ತೆರೆದರೂ ಆವರ್ತಕ್ಕೆ ನಾಲ್ಕು ಎಣಿಕೆ. ಮಿಶ್ರಚಾಪು ಬೇಕಾದರೆ ಕೇಳಿ ಪಡೆಯಬೇಕು. ನಾಲ್ಕು ಕೇಳದೆಯೇ ಸಿಗುತ್ತದೆ. ಎಫ್‌ಎಲ್ ಸ್ಟುಡಿಯೊದಲ್ಲಿಯಂತೂ ಹಾಡಿನ ನಡುವೆ ತಾಳ ಬದಲಾಯಿಸುವ ನೇರ ಸೌಕರ್ಯ ಬಂದದ್ದು 2018ರಲ್ಲಿ. (ಆ ಆವೃತ್ತಿಯ ಸಂಖ್ಯೆ 20. ಅದರ ಹಿಂದಿನದು 12. ಇಪ್ಪತ್ತನೆಯ ಹುಟ್ಟುಹಬ್ಬವೆಂದು ಏಳು ಸಂಖ್ಯೆಗಳನ್ನು ಹಾರಿದರು. ಎಣಿಕೆಯನ್ನೇ ಕಸಬು ಮಾಡಿಕೊಂಡವರಿಗೆ ಈ ಸ್ವಾತಂತ್ರ್ಯ ಹೇಗೆ ಬಂತೋ!) ಏಳರ ತಾಳವನ್ನು ಯಾರೂ ನಿಷೇಧಿಸಿಲ್ಲ. ಆದರೂ ನನ್ನ ಸೋದರಳಿಯ ಎರಡು ವರ್ಷದಲ್ಲಿ ಮಾಡಿದ ಬೀಟುಗಳಲ್ಲಿ ಏಳರದು ಒಂದೂ ಇರಲಿಲ್ಲ. ಹುಡುಗ ವಾರಕ್ಕೊಮ್ಮೆ ತಾಯಿಯ ಜೊತೆ ಕಚೇರಿಗೆ ಹೋಗಿ ಮಿಶ್ರಚಾಪು ಕೇಳಿ ಬೆಳೆದವನು. ಏಳನ್ನು ಅವನು ತೂಗಿನೋಡಿ ಬಿಟ್ಟಿದ್ದರೆ ನನಗೆ ಆಕ್ಷೇಪವಿರಲಿಲ್ಲ. ಅವನಿಗೆ ಆ ಪರದೆಯ ಮುಂದೆ ಅದು ಎದುರಾಗಿಯೇ ಇರಲಿಲ್ಲ. ನಾಲ್ಕು ಅವನ ಆಯ್ಕೆಯೇ ಎಂದು ಕೇಳಿದರೆ ಏನು ಹೇಳೋಣ?

ಇಲ್ಲಿ ಬಲ್ಲವರು ನನ್ನನ್ನು ತಡೆಯಬಹುದು. ಯಾವ ವಾದ್ಯ ತೀರ್ಮಾನ ಮಾಡಿಲ್ಲ? ನಿನ್ನ ಮೃದಂಗದ ಹಲಸಿನ ಮರ, ಚರ್ಮ, ಬಲಗಡೆಯ ಕರಣೆ, ಎಲ್ಲವನ್ನೂ ಮಾಡಿದವನು ನೀನಲ್ಲ. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿದವನು ಸ್ವರದ ಜಾಗವನ್ನು ವೈಣಿಕನಿಗಿಂತ ಮೊದಲೇ ಗೊತ್ತುಮಾಡಿದ್ದಾನೆ. ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ. ಕರ್ತೃ ಅವುಗಳಲ್ಲಿ ಒಂದು ಮಾತ್ರ, ಕರಣವೂ ಒಂದು. ಹಾಗಿರುವಾಗ ತಂತ್ರಾಂಶವನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದೇಕೆ? ನ್ಯಾಯವಾದ ಆಕ್ಷೇಪ. ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿ ನಮ್ಮ ವೇದಿಕೆಗಳಿಗೆ ಬಂದು ದಶಕಗಳೇ ಸಂದವು. ಶಾಸ್ತ್ರೀಯ ಸಂಗೀತ ಅದರಿಂದ ಕೆಟ್ಟುಹೋಗಲಿಲ್ಲ. ಶ್ರುತಿಯಿಂದ ನಾವು ಬಯಸುವುದೇ ಅಚಲತೆಯನ್ನು, ಅದನ್ನು ಯಂತ್ರ ಕೊಟ್ಟರೆ ನಷ್ಟ ಕಡಮೆ.

ಆದರೆ ಒಂದು ವ್ಯತ್ಯಾಸ ಉಂಟು. ಮೃದಂಗ ತನ್ನ ಅಡ್ಡಿಯನ್ನು ಮುಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಚರ್ಮ ಸಡಿಲಿ ‘ನಾನು ಇವತ್ತು ನಿನ್ನ ಮಾತು ಕೇಳಲಾರೆ’ ಎನ್ನುತ್ತದೆ. ಬೆರಳು ಊದುತ್ತದೆ. ವಾದ್ಯ ಬೇರೆ, ನಾನು ಬೇರೆ ಎಂಬುದು ದಿನವೂ ಕೈಗೆ ತಿಳಿಯುತ್ತದೆ. ತಿಳಿದದ್ದರಿಂದಲೇ ಅದರೊಡನೆ ಒಂದು ಒಪ್ಪಂದಕ್ಕೆ ಬರುವುದು ಸಾಧ್ಯ. ತಂತ್ರಾಂಶವಾದರೋ ಎದುರಾಡುವುದೇ ಇಲ್ಲ. ನಾನು ತಪ್ಪಿದಲ್ಲಿ ತಿದ್ದಿ, ನಾನೇ ಸರಿಯಾಗಿ ಮಾಡಿದೆನೆಂಬ ಭಾವನೆಯನ್ನು ನನಗೆ ಬಿಟ್ಟುಕೊಡುತ್ತದೆ. ಮಾತುಮಾತಿಗೆ ತಲೆದೂಗುವ ಮಂತ್ರಿಯ ರಾಜ ಬೇಗ ಕೆಡುತ್ತಾನೆಂದು ನಮ್ಮ ಹಳೆಯ ಕಥೆಗಳಲ್ಲಿ ಇರುವುದು ಸುಮ್ಮನೆ ಅಲ್ಲ.

ಈ ತಿದ್ದುವಿಕೆಯ ಚರಿತ್ರೆ ತುಂಬ ಹಳೆಯದೇನೂ ಅಲ್ಲ. ಅಮೆರಿಕದ ರೋಜರ್ ಲಿನ್ 1980ರಲ್ಲಿ ಎಲ್‌ಎಂ-1 ಎಂಬ ಡ್ರಮ್ ಯಂತ್ರವನ್ನು ಹೊರತಂದರು. ನಿಜವಾದ ಡ್ರಮ್ಮುಗಳ ಧ್ವನಿಯನ್ನೇ ಹಿಡಿದಿಟ್ಟ ಆ ಯಂತ್ರ ಬಾರಿಸುವವನ ಪೆಟ್ಟನ್ನು ಹತ್ತಿರದ ಮನೆಗೆ ಸರಿಸಿ ಕೂರಿಸುತ್ತಿತ್ತು. ಇದಕ್ಕೆ ಈಗ ಕ್ವಾಂಟೈಸ್ ಎಂದು ಹೆಸರು. ನಿಮಿಷಕ್ಕೆ 90 ಎಣಿಕೆಯ ವೇಗದಲ್ಲಿ ಒಂದು ಮನೆಯ ಅಗಲ ಸುಮಾರು 167 ಮಿಲಿಸೆಕೆಂಡು. ಅದರೊಳಗೆ ನಿಮ್ಮ ಕೈ ಎಲ್ಲಿ ಬಿದ್ದಿತ್ತೆಂಬುದು ಅಳಿಸಿಹೋಗುತ್ತದೆ. ತೀರ ನೇರವಾದರೆ ನಡೆ ಮರಗಟ್ಟುತ್ತದೆಂದು ಲಿನ್ ಅದರಲ್ಲೇ ಸ್ವಿಂಗ್ ಎಂಬ ಉಪಾಯವನ್ನೂ ಇಟ್ಟಿದ್ದರು: ಪ್ರತಿ ಎರಡನೆಯ ಮನೆಯ ಪೆಟ್ಟನ್ನು ತುಸು ತಡಮಾಡುವುದು. ಶೇಕಡಾ 50 ಎಂದರೆ ಸರಿಸಮ, 66 ಎಂದರೆ ಹೆಚ್ಚುಕಡಮೆ ನಮ್ಮ ತಿಶ್ರ ನಡೆ. ಈಗಿನ ಮೂರು ತಂತ್ರಾಂಶಗಳಲ್ಲೂ ಇದರ ಸಂತಾನವಿದೆ.

‘ಮನುಷ್ಯನ ತಪ್ಪೇ ಸೊಗಸು, ಯಂತ್ರದ ನೇರ್ಪು ಜಡ’ ಎಂದು ಇಲ್ಲಿ ಹೇಳಿಬಿಡುವುದು ಸುಲಭ. ಅನೇಕರು ಹಾಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಾಮರಾಜಪೇಟೆಯಲ್ಲಿ ನನಗೆ ಪಾಠ ಹೇಳಿದ ಮೇಷ್ಟರು ಕೈ ಓಡಿತೆಂದರೆ ಪಾಠ ನಿಲ್ಲಿಸಿ ಮೊದಲಿನಿಂದ ಹೇಳಿಸುತ್ತಿದ್ದರು. ಕಾಲಪ್ರಮಾಣ ನಿಲ್ಲುವುದು ನಮ್ಮಲ್ಲಿ ಒಂದು ಶೀಲ. ಓಡುವ ಕೈಯನ್ನು ‘ಅದೇ ನನ್ನ ವ್ಯಕ್ತಿತ್ವ’ ಎಂದಿದ್ದರೆ ಅವರು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಕಳಿಸಿದ್ದರೆ ಸರಿಯಾಗಿಯೇ ಇರುತ್ತಿತ್ತು. ನೇರವಾಗಿ ಬಾರಿಸುವುದನ್ನು ಗಳಿಸಿದವನು ಸಮ ಎಲ್ಲಿದೆಯೆಂದು ಬಲ್ಲ. ಬಲ್ಲದ್ದರಿಂದ ಅದನ್ನು ಬಿಟ್ಟು ಹೋಗಿ ಹಿಂದಿರುಗಿ ಬರಬಲ್ಲ. ಅತೀತ, ಅನಾಗತ ಎಂದು ನಮ್ಮವರು ಹೆಸರಿಟ್ಟದ್ದು ಎಡುಪಿನ ವಿಚಾರಕ್ಕೆ. ಆದರೂ ಸಮವನ್ನು ಬಿಟ್ಟು ನಿಲ್ಲುವುದು ತಪ್ಪಲ್ಲ, ತಿಳಿದು ಬಿಡುವುದಕ್ಕೆ ಹೆಸರೇ ಉಂಟು ಎಂಬ ಅರಿವು ಅದರಲ್ಲಿದೆ. ನೇರ್ಪನ್ನು ಗುಂಡಿ ಒತ್ತಿ ಪಡೆದವನಿಗೆ ನೇರ್ಪು ದಕ್ಕಿತು. ಸಮ ಎಲ್ಲಿದೆಯೆಂಬ ಅರಿವು ದಕ್ಕಲಿಲ್ಲ.

ಯಂತ್ರದ ಮುಂದೆ ಕುಳಿತೇ ಈ ಅರಿವನ್ನು ಗಳಿಸಿದವರೂ ಉಂಟು. ಡೆಟ್ರಾಯಿಟ್ ನಗರದ ಜೇಮ್ಸ್ ಯಾನ್ಸಿ, ಸಂಗೀತಲೋಕಕ್ಕೆ ಜೆ ಡಿಲ್ಲಾ, ಹುಟ್ಟಿದ್ದು 1974ರಲ್ಲಿ. ಅವನ ಯಂತ್ರ ಎಂಪಿಸಿ-3000. ಅದೂ ಅದೇ ಲಿನ್ ಅಕಾಯ್ ಸಂಸ್ಥೆಗಾಗಿ ರೂಪಿಸಿದ್ದು. ಕಾಲವನ್ನು ನೆಟ್ಟಗೆ ಮಾಡಲು ಹುಟ್ಟಿದ ಪೆಟ್ಟಿಗೆಯಲ್ಲಿ ಡಿಲ್ಲಾ ಕೆಲವು ಪೆಟ್ಟುಗಳನ್ನು ನೆಟ್ಟಗಿಟ್ಟ, ಕೆಲವನ್ನು ಬೇಕೆಂದೇ ಹಿಂದಕ್ಕೋ ಮುಂದಕ್ಕೋ ಜರುಗಿಸಿದ. ಒಂದೇ ಆವರ್ತದಲ್ಲಿ ನೇರವೂ ಓಲಾಟವೂ ಒಟ್ಟಿಗೆ ಇರುವಂತೆ ಮಾಡಿದ. ಕುಡಿದವನ ನಡಿಗೆಯಂತೆ ತೋರಿದರೂ ಬೀಳದ ನಡಿಗೆ ಅದು. ಮುಂದೆ ಕೈಯಿಂದ ಡ್ರಮ್ ಬಾರಿಸುವವರೇ ಅದನ್ನು ಅಭ್ಯಾಸ ಮಾಡಿ ಕಲಿತರು. 2006ರಲ್ಲಿ ಅವನು ತೀರಿಕೊಂಡ. ಅವನ ಎಂಪಿಸಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಬೀಟುಗಳು ಯಾರವು ಎಂಬ ಸಂಶಯ ಯಾರಿಗೂ ಬಾರದು. ಪೆಟ್ಟಿಗೆ ಮಾಡಿಟ್ಟ ಒಂದೊಂದು ತೀರ್ಮಾನಕ್ಕೂ ಅವನು ‘ಹೌದು’ ಎಂದೋ ‘ಬೇಡ’ ಎಂದೋ ಕಿವಿಯಿಂದ ಉತ್ತರ ಕೊಟ್ಟಿದ್ದ.

ಇದಕ್ಕೆ ಪಕ್ಕದಲ್ಲಿ ‘ಹ್ಯೂಮನೈಸ್’ ಎಂಬ ಇನ್ನೊಂದು ಸೌಕರ್ಯವನ್ನು ಇಟ್ಟು ನೋಡಿ. ಮೊದಲು ಎಲ್ಲ ಪೆಟ್ಟುಗಳನ್ನೂ ನೇರಮಾಡಿದ ಯಂತ್ರವೇ ಆಮೇಲೆ ಅವುಗಳನ್ನು ದಾಳ ಎಸೆದಂತೆ ಅಲ್ಪಸ್ವಲ್ಪ ಆಚೀಚೆ ಚೆಲ್ಲಿ ‘ಮಾನುಷ’ವಾಗಿಸುತ್ತದೆ. ಮನುಷ್ಯನ ಕೈ ದಾಳವಲ್ಲ ಸ್ವಾಮಿ! ಅದು ತಡವಾದರೆ ಕಾರಣ ಉಂಟು: ದಣಿವು, ಹಿಂಜರಿಕೆ, ಗಾಯಕ ಉಸಿರೆಳೆದುಕೊಳ್ಳಲೆಂಬ ದಾಕ್ಷಿಣ್ಯ. ಕಾರಣವಿಲ್ಲದ ತಡ ಬರಿಯ ತಡ. ಸಂತಾಪಸೂಚನೆಯ ಪತ್ರದಲ್ಲಿ ನೀರು ಚಿಮುಕಿಸಿ ಕಣ್ಣೀರಿನ ಕಲೆ ಮಾಡಿದಂತೆ ನನಗೆ ತೋರುತ್ತದೆ. ಇದು ಕಠಿಣವಾಯಿತೆಂದು ಸೋದರಳಿಯನ ಮತ. ಕೇಳುವವನಿಗೆ ಹಿತವಾದರೆ ಸಾಲದೆ ಎನ್ನುತ್ತಾನೆ. ಕೇಳುವವನಿಗೆ ಸಾಕು, ಮಾಡಿದವನಿಗೆ ಸಾಕೆ ಎಂಬುದು ನನ್ನ ಪ್ರಶ್ನೆ.

ಇಲ್ಲಿಯವರೆಗಿನದು ನಾನು ಮತ್ತು ನನ್ನ ಯಂತ್ರದ ವ್ಯವಹಾರ. ಯಂತ್ರದೊಳಗೆ ಮೂರನೆಯವನೊಬ್ಬನ ಕೈ ಇದ್ದರೆ?

1969ರಲ್ಲಿ ವಿನ್‌ಸ್ಟನ್ಸ್ ಎಂಬ ಅಮೆರಿಕದ ತಂಡವೊಂದು ‘ಕಲರ್ ಹಿಮ್ ಫಾದರ್’ ಎಂಬ ಹಾಡಿನ ತಟ್ಟೆಯನ್ನು ಹೊರಡಿಸಿತು. ಹಾಡಿಗೆ ಹೆಸರು ಬಂತು. ತಟ್ಟೆಯ ಹಿಂಬದಿಯಲ್ಲಿ ‘ಆಮೆನ್, ಬ್ರದರ್’ ಎಂಬ ವಾದ್ಯರಚನೆ. ಅದರ ನಡುವೆ ಬೇರೆಲ್ಲರೂ ಸುಮ್ಮನಾಗಿ ಡ್ರಮ್ ವಾದಕ ಗ್ರೆಗರಿ ಕೋಲ್ಮನ್ ಒಬ್ಬನೇ ನಾಲ್ಕು ಆವರ್ತ ಬಾರಿಸುತ್ತಾನೆ, ಸುಮಾರು ಏಳು ಸೆಕೆಂಡು. ಮೊದಲೆರಡು ಆವರ್ತ ಒಂದೇ ನಡೆ. ಮೂರನೆಯದರಲ್ಲಿ ಒಂದು ಪೆಟ್ಟನ್ನು ತಡೆದು ಹಾಕುತ್ತಾನೆ. ನಾಲ್ಕನೆಯದರಲ್ಲಿ ಮೊದಲ ಎಣಿಕೆಯನ್ನು ಖಾಲಿ ಬಿಟ್ಟು, ಕೊನೆಯಲ್ಲಿ ತಾಳವನ್ನು ಹೊತ್ತಿಗೆ ಮುಂಚೆಯೇ ಹೊಡೆದುಬಿಡುತ್ತಾನೆ. 1980ರ ದಶಕದಲ್ಲಿ ಧ್ವನಿಯನ್ನು ಕತ್ತರಿಸಿ ಮರುಬಳಸುವ ಯಂತ್ರಗಳು ಕೈಗೆಟುಕಿದಾಗ ಈ ಏಳು ಸೆಕೆಂಡು ಎಲ್ಲರ ಬಂಡವಾಳವಾಯಿತು. ಅಮೆರಿಕದ ರ‍್ಯಾಪ್ ಅದನ್ನು ಬಳಸಿತು. 1990ರ ದಶಕದಲ್ಲಿ ಇಂಗ್ಲೆಂಡಿನ ಜಂಗಲ್, ಡ್ರಮ್ ಅಂಡ್ ಬಾಸ್ ಎಂಬ ಪ್ರಕಾರಗಳು ಅದರ ಮೇಲೆಯೇ ಎದ್ದುನಿಂತವು. ಅದನ್ನು ಬಳಸಿದ ಹಾಡುಗಳು ಸಾವಿರಗಟ್ಟಲೆ. ಕೋಲ್ಮನ್‌ಗೆ ಇದರಿಂದ ಬಿಡಿಗಾಸೂ ಬರಲಿಲ್ಲ. 2006ರಲ್ಲಿ, ಡಿಲ್ಲಾ ಸತ್ತ ವರ್ಷವೇ, ಅಟ್ಲಾಂಟದಲ್ಲಿ ಮನೆಮಠವಿಲ್ಲದೆ ಸತ್ತ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ವಿಷಯ ತಿಳಿದದ್ದೇ 1996ರಲ್ಲಿ. ಅಷ್ಟು ಹೊತ್ತಿಗೆ ಕಾನೂನಿನ ವಾಯಿದೆ ಮೀರಿಹೋಗಿತ್ತು. 2015ರಲ್ಲಿ ಇಂಗ್ಲೆಂಡಿನಲ್ಲಿ ಸಂಗೀತಪ್ರಿಯರು ಚಂದಾ ಎತ್ತಿ ಸುಮಾರು 24,000 ಪೌಂಡನ್ನು ಸ್ಪೆನ್ಸರ್‌ಗೆ ಒಪ್ಪಿಸಿದರು. ಕೋಲ್ಮನ್ ಹೋಗಿ ಆಗಲೇ ಒಂಬತ್ತು ವರ್ಷ.

ಸಾಲಕ್ಕೆ ವಾಯಿದೆ ಉಂಟು, ಋಣಕ್ಕೆ ಉಂಟೆ? ಚಂದಾ ಕೊಟ್ಟವರು ನ್ಯಾಯಾಲಯದ ಆಜ್ಞೆಯಿಂದ ಕೊಡಲಿಲ್ಲ. ಅವರ ಕಿವಿಗೆ ಏನೋ ಬಾಕಿ ಇದೆಯೆಂದು ಅನ್ನಿಸಿತು. ಹಾಗೆಂದು ಆ ಏಳು ಸೆಕೆಂಡನ್ನು ಯಾರೂ ಮುಟ್ಟಬಾರದಿತ್ತು ಎನ್ನಲು ನನಗೆ ಧೈರ್ಯ ಸಾಲದು. ಮುಟ್ಟಿದವರಲ್ಲಿ ಹಲವರು ಅದರಿಂದ ಕೋಲ್ಮನ್ ಕನಸಿನಲ್ಲೂ ಕಾಣದಿದ್ದ ಸಂಗೀತವನ್ನು ಕಟ್ಟಿದರು. ಒಂದು ಪೆಟ್ಟನ್ನು ನೂರು ತುಂಡು ಮಾಡಿ ಮತ್ತೆ ಹೊಸೆದರು. ಅವರ ಶ್ರಮವೂ ಶ್ರಮವೇ. ಆದರೆ ಈಗ ಏಬಲ್ಟನ್‌ನಲ್ಲಿ ಇನ್ನೊಂದು ವಿದ್ಯೆ ಇದೆ. ಧ್ವನಿಯನ್ನು ಕದಿಯಬೇಕಾಗಿಲ್ಲ, ಯಾವುದೇ ವಾದನದಿಂದ ಅದರ ನಡೆಯನ್ನಷ್ಟೇ, ಎಂದರೆ ಯಾವ ಪೆಟ್ಟು ಎಷ್ಟು ಮುಂದು ಎಷ್ಟು ಹಿಂದು ಎಂಬುದನ್ನಷ್ಟೇ, ಹಿಂಡಿ ತೆಗೆದು ನಮ್ಮ ಬೀಟಿಗೆ ಹಚ್ಚಬಹುದು. ಧ್ವನಿ ನನ್ನದು, ಕೈ ಕೋಲ್ಮನ್‌ನದು. ಯಾವ ಕಾಯಿದೆಗೂ ಇದು ಸಿಕ್ಕಲಾರದೆಂದೇ ನನ್ನ ಎಣಿಕೆ. ಗುರುವಿನ ನಡೆ ಶಿಷ್ಯನ ಕೈಗೆ ಬರುವುದೂ ಹೀಗೆಯೇ ಅಲ್ಲವೆ ಎಂದು ನೀವು ಕೇಳಬಹುದು. ಹೌದು, ಶಿಷ್ಯ ಹತ್ತು ವರ್ಷ ಎದುರು ಕುಳಿತಿರುತ್ತಾನೆ, ಕೇಳಿದವರಿಗೆ ಗುರುವಿನ ಹೆಸರು ಹೇಳುತ್ತಾನೆ.

ಇಷ್ಟೆಲ್ಲ ಮಾತನಾಡಿದ ಮೇಲೆ ಹುಡುಗ ‘ಕಡೆಗೆ ಯಾವುದು ಕೊಳ್ಳಲಿ’ ಎಂದ. ಎಫ್‌ಎಲ್ ಸ್ಟುಡಿಯೊ ಎಂದೆ. ಅದರ ಹದಿನಾರು ಮನೆಗಳು ಕಣ್ಣಿಗೆ ಹೊಡೆಯುವಂತೆ ಮುಂದೆಯೇ ಕುಳಿತಿವೆ. ಬಂಧನ ಕಾಣುವುದರಿಂದ ಅದನ್ನು ದಾಟುವ ಯೋಚನೆಯಾದರೂ ಬರುತ್ತದೆ. ಕೈಲ್‌ನನ್ನು ಇಟ್ಟುಕೊಂಡರೆ ನಾನು ಸೋಮಾರಿಯಾಗುತ್ತೇನೆಂಬುದು ನನ್ನ ಭಯ, ಅವನದಲ್ಲ. ಅವನು ನನ್ನ ಮಾತು ಕೇಳದೆ ಏಬಲ್ಟನ್ ಕೊಂಡ. ಸ್ನೇಹಿತರೆಲ್ಲರ ಬಳಿ ಅದೇ ಇದೆಯಂತೆ.

ಅದರಲ್ಲಿ ಅವನು ಕೋಲ್ಮನ್‌ನ ನಾಲ್ಕು ಆವರ್ತಗಳನ್ನು ಹಾಕಿ ತೋರಿಸಿದ. ಪರದೆಯ ಗೆರೆಗಳ ಮೇಲೆ ಪೆಟ್ಟುಗಳು ಮೊನೆಮೊನೆಯಾಗಿ ನಿಂತಿದ್ದವು. ಕೆಲವು ಗೆರೆಗೆ ಸರಿಯಾಗಿ, ಕೆಲವು ಕೂದಲೆಳೆಯಷ್ಟು ಈಚೆಗೆ. ವೇಗವನ್ನು ನಿಮಿಷಕ್ಕೆ 170ಕ್ಕೆ ಏರಿಸಿದ. ಏಳು ಸೆಕೆಂಡಿನ ವಾದನ ಐದೂವರೆಯ ಆಸುಪಾಸಿಗೆ ಇಳಿಯಿತು. ಕಡತದ ಹೆಸರು ‘ಆಮೆನ್ 01’ ಎಂದಿತ್ತು.